ಕುದುರೆಗಳಲ್ಲಿ ಹೃದಯ ಬಡಿತದ ಏರುಪೇರು ಮತ್ತು ಇಸಿಜಿ ಪರೀಕ್ಷೆ

ಶಿರಸಿ ತಾಲ್ಲೂಕಿನ ಎಕ್ಕಂಬಿ ಹಾಗೂ ಸುತ್ತಮುತ್ತಲಿನ ಗ್ರಾಮಗಳಲ್ಲಿ ಕುದುರೆ ಸಾಕಿರುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಪ್ರಾಣಿಗಳ ಸಾಗಾಣಿಕೆ ನಿಯಮಗಳು, 1978ರ ಮೇರೆಗೆ ಕುದುರೆಯನ್ನು ವಾಹನದಲ್ಲಿ ಸಾಗಿಸಲು, ಅದು ಪ್ರಯಾಣಕ್ಕೆ ಯೋಗ್ಯವಾಗಿದೆ ಎಂಬ ಪಶುವೈದ್ಯರ ಪ್ರಮಾಣಪತ್ರ ಅವಶ್ಯಕ. ತಪಾಸಣೆಯ ಸಮಯದಲ್ಲಿ ನಡುನಡುವೆ ಬಡಿತ ತಪ್ಪುವುದು ಕಂಡುಬಂದ ಮಾತ್ರಕ್ಕೆ ಮಾಲೀಕರು ಗಾಬರಿಗೊಳ್ಳಬೇಕಾಗಿಲ್ಲ. ವಿಶ್ರಾಂತಿಯಲ್ಲಿರುವ ಬೆಳೆದ ಕುದುರೆಯ ಹೃದಯ ನಿಮಿಷಕ್ಕೆ ಸುಮಾರು 28ರಿಂದ 44 ಬಾರಿ ಮಾತ್ರ ಬಡಿಯುತ್ತದೆ. ದೃಢಕಾಯದ ಕುದುರೆಗಳಲ್ಲಿ ಮೂರು ನಾಲ್ಕು ಬಡಿತಗಳ ನಂತರ ಒಂದು ಬಡಿತ ಬಿಟ್ಟುಹೋಗುವುದು ಸಾಮಾನ್ಯ. ಸ್ವಲ್ಪ ದೂರ ಓಡಿಸಿದಾಗ ಈ ತಪ್ಪುವಿಕೆ ಮರೆಯಾದಲ್ಲಿ ಅದು ರೋಗವಲ್ಲ. ಅದಕ್ಕೆ ಔಷಧವೂ ಬೇಕಿಲ್ಲ. ದವಡೆಯ ಮೂಳೆಯ ಕೆಳಅಂಚಿನಲ್ಲಿ ಬೆರಳಿಟ್ಟು ನಾಡಿಯನ್ನು ಪೂರ್ಣ ಒಂದು ನಿಮಿಷ ಎಣಿಸತಕ್ಕದ್ದು.

ಬಡಿತಗಳ ನಡುವಿನ ಅಂತರದಲ್ಲಿ ಯಾವ ಕ್ರಮವೂ ಇಲ್ಲದಿದ್ದರೆ ಹೃತ್ಕರ್ಣದ ಕಂಪನವನ್ನು, ಅಂದರೆ ಏಟ್ರಿಯಲ್ ಫೈಬ್ರಿಲೇಷನ್ ಅನ್ನು ಶಂಕಿಸಬೇಕು. ಕುದುರೆಗಳ ಕಾರ್ಯಕ್ಷಮತೆಯನ್ನು ಕುಂದಿಸುವ ಲಯದೋಷಗಳಲ್ಲಿ ಇದೇ ಹೆಚ್ಚು ಸಾಮಾನ್ಯ. ವಿಶ್ರಾಂತಿಯಲ್ಲಿ ಬಡಿತದ ಸಂಖ್ಯೆ ಸರಿಯಾಗಿಯೇ ಇರಬಹುದಾದ್ದರಿಂದ, ಓಟದಲ್ಲಿ ಬೇಗ ದಣಿಯುವವರೆಗೂ ಇದು ಗಮನಕ್ಕೆ ಬಾರದೆ ಉಳಿಯುವುದುಂಟು. ಓಟದ ನಂತರ ತಲೆದೋರಿ ಒಂದೆರಡು ದಿನಗಳಲ್ಲಿ ತಾನಾಗಿ ಸರಿಹೋಗುವುದೂ ಇರುವುದರಿಂದ ಪರೀಕ್ಷೆಯನ್ನು ಮುಂದೂಡಬಾರದು.

ಈ ಎರಡನ್ನೂ ಖಚಿತವಾಗಿ ಬೇರ್ಪಡಿಸುವುದು ಇಸಿಜಿ. ಮೊದಲನೆಯದರಲ್ಲಿ ಪಿ ಅಲೆ ಕಾಣುತ್ತದೆ, ಆದರೆ ಕೆಲವು ಪಿ ಅಲೆಗಳ ಹಿಂದೆ ಕ್ಯೂಆರ್‌ಎಸ್ ಬರುವುದಿಲ್ಲ. ಎರಡನೆಯದರಲ್ಲಿ ಪಿ ಅಲೆಯೇ ಇರದೆ, ಅದರ ಸ್ಥಳದಲ್ಲಿ ಸಣ್ಣ ಅಲುಗಾಟದ ಗೆರೆಯಿದ್ದು, ಕ್ಯೂಆರ್‌ಎಸ್‌ಗಳು ಅಡ್ಡಾದಿಡ್ಡಿಯಾಗಿ ಬರುತ್ತವೆ. ಕುತ್ತಿಗೆಯ ಬಲಭಾಗಕ್ಕೆ ಒಂದು, ಎಡ ಮೊಣಕೈ ಹಿಂದಿನ ಎದೆಯ ಭಾಗಕ್ಕೆ ಒಂದು ವಿದ್ಯುದ್ವಾರವನ್ನು ಜೋಡಿಸಲಾಗುತ್ತದೆ. ಮನುಷ್ಯರಿಗೆ ಬಳಸುವ ಯಂತ್ರವೇ ಸಾಕಾಗುತ್ತದೆ. ಬಡಿತ ನಿಧಾನವಾದ್ದರಿಂದ ಆರು ಸೆಕೆಂಡಿನ ಪಟ್ಟಿಯಲ್ಲಿ ಮೂರು ನಾಲ್ಕು ಬಡಿತಗಳಷ್ಟೇ ಮೂಡುತ್ತವೆ. ಕನಿಷ್ಠ ಒಂದೆರಡು ನಿಮಿಷಗಳ ದಾಖಲೆ ಬೇಕು. ಕುದುರೆಯನ್ನು ಶಾಂತಗೊಳಿಸಲೆಂದು ಮುಂಚಿತವಾಗಿ ಮಂಪರಿನ ಚುಚ್ಚುಮದ್ದು ಹಾಕಿಸಬಾರದು; ಅದರಿಂದಲೇ ಬಡಿತ ತಪ್ಪಬಹುದು. ಹೃದಯದ ಗಾತ್ರ ಹಿಗ್ಗಿದೆಯೇ ಎಂಬುದನ್ನು ಕುದುರೆಯ ಇಸಿಜಿ ತಿಳಿಸುವುದಿಲ್ಲ. ಅದಕ್ಕೆ ಸ್ಕ್ಯಾನಿಂಗ್ ಅಗತ್ಯ.

ಗ್ರಾಮಗಳಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕಾದ ವಿಷಯ ವಿಷಪ್ರಾಶನ. ಮನೆಯಂಗಳದಲ್ಲಿ, ದೇವಾಲಯದ ಹೂದೋಟದಲ್ಲಿ ಬೆಳೆಸುವ ಕಣಗಿಲೆಯ ಎಲೆ, ಒಣಗಿದ್ದರೂ ಸಹ, ಕುದುರೆಯ ಹೃದಯದ ಲಯ ಕೆಡಿಸಿ ಪ್ರಾಣಾಪಾಯ ತರುತ್ತದೆ. ಸಂಸ್ಕೃತದಲ್ಲಿ ಈ ಗಿಡಕ್ಕೆ ಅಶ್ವಮಾರಕ ಎಂದೇ ಹೆಸರಿದೆ. ಮೊನೆನ್ಸಿನ್ ಬೆರೆಸಿದ ಕೋಳಿ ಆಹಾರವೂ ಅಷ್ಟೇ ಅಪಾಯಕಾರಿ. ಮೇವಿನ ನಂತರ ಕುದುರೆ ಬೆವರಿ, ನಡುಗಿ, ನಾಡಿ ವೇಗವಾಗಿ ಕ್ರಮ ತಪ್ಪಿದಲ್ಲಿ ಅದನ್ನು ನಡೆಸದೆ, ಓಡಿಸದೆ ನಿಂತಲ್ಲೇ ಇರಿಸಿ, ಸಮೀಪದ ಪಶುವೈದ್ಯರನ್ನು ಅಥವಾ ಸಹಾಯವಾಣಿ 1962 ಅನ್ನು ಕೂಡಲೇ ಸಂಪರ್ಕಿಸತಕ್ಕದ್ದು. ತಿಂದ ಸೊಪ್ಪು ಅಥವಾ ಆಹಾರದ ಮಾದರಿಯನ್ನು ತೆಗೆದಿರಿಸಬೇಕು.

ಇಸಿಜಿ ಸೌಲಭ್ಯ ಎಲ್ಲಾ ಪಶು ಚಿಕಿತ್ಸಾಲಯಗಳಲ್ಲಿ ಇರುವುದಿಲ್ಲ. ಶಿವಮೊಗ್ಗ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಕುದುರೆಯನ್ನು ಕೊಂಡೊಯ್ಯುವ ಮೊದಲು, ಸ್ಥಳೀಯ ಪಶುವೈದ್ಯಾಧಿಕಾರಿಗಳ ಮೂಲಕ ವಿಚಾರಿಸಿಕೊಂಡು, ಅವರ ತಪಾಸಣಾ ಟಿಪ್ಪಣಿ ಹಾಗೂ ಹಿಂದಿನ ಇಸಿಜಿ ಪಟ್ಟಿಗಳೇನಾದರೂ ಇದ್ದಲ್ಲಿ ಅವುಗಳನ್ನು ಜೊತೆಯಲ್ಲಿ ಒಯ್ಯುವುದು.