ಮಾಲೇಕಲ್ಲಿನ ಮೆಟ್ಟಿಲುಗಳು

ಅರಸೀಕೆರೆಗೆ ಶಿಲ್ಪ ನೋಡಲು ಬರುವವರು ಸಾಮಾನ್ಯವಾಗಿ ಊರಿನ ಈಶ್ವರ ದೇವಾಲಯದಲ್ಲೇ ನಿಂತುಬಿಡುತ್ತಾರೆ. 1220ರ ಆ ಹೊಯ್ಸಳ ಗುಡಿಯ ನಕ್ಷತ್ರಾಕಾರದ ಮಂಟಪ ಯಾರನ್ನೂ ನಿಲ್ಲಿಸೀತು. ನಾನೂ ಬಹುಕಾಲ ಹಾಗೆ ನಿಂತವನೇ. ಸಮೀಪದ ಮಾಲೇಕಲ್ಲು ತಿರುಪತಿಯ ಬೆಟ್ಟವನ್ನು ಹತ್ತಿದ್ದು ತಡವಾಗಿ.

ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳು. ಮೇಲೆ ವೆಂಕಟರಮಣನ ಸನ್ನಿಧಿ, ಗಾಳಿಯ ಸದ್ದೊಂದೇ. ಕೆಳಗೆ ತೆಂಗಿನ ತೋಟಗಳ ಹಸಿರು. ಜನ ಇದನ್ನು ಚಿಕ್ಕ ತಿರುಪತಿ ಎನ್ನುತ್ತಾರೆ. ತಿರುಮಲೆಯ ದೂರಪ್ರಯಾಣ ಕೈಗೂಡದವರು ತಮ್ಮ ಹರಕೆಯನ್ನು ಇಲ್ಲಿಯೇ ಒಪ್ಪಿಸುತ್ತ ಬಂದರು. ಆಷಾಢದ ತೇರಿಗೆ ಇಂದಿಗೂ ಸುತ್ತಲಿನ ಹಳ್ಳಿಗಳ ಜನ ನೆರೆಯುತ್ತಾರೆ.

ಅರಸರ ದತ್ತಿಯನ್ನು ಶಾಸನಗಳು ಹೇಳುತ್ತವೆ. ಬಡವರ ಹರಕೆಯನ್ನು ಬರೆದಿಟ್ಟವರಿಲ್ಲ. ಅವರ ಕಾಲು ಹಾದ ಕಲ್ಲುಗಳ ಮೇಲೆ ಇಳಿಯುತ್ತ, ಶಾಸನಗಳನ್ನಷ್ಟೇ ಓದಿ ನಾನು ತಿಳಿದ ಇತಿಹಾಸ ಅರ್ಧವೆನಿಸಿತು.