ಭರತಪುರ ಪಕ್ಷಿಧಾಮ (ಕೇವಲಾದೇವ ರಾಷ್ಟ್ರೀಯ ಉದ್ಯಾನ)

ರಾಜಸ್ಥಾನದ ಪೂರ್ವದಂಚಿನಲ್ಲಿ, ಭರತಪುರ ನಗರಕ್ಕೆ ಹೊಂದಿಕೊಂಡು ಸುಮಾರು 29 ಚದರ ಕಿಲೋಮೀಟರ್ ಹರಡಿರುವ ಈ ಜೌಗು ಪ್ರದೇಶಕ್ಕೆ ಅದರೊಳಗಿನ ಶಿವಾಲಯದಿಂದ ಕೇವಲಾದೇವ ಎಂಬ ಹೆಸರು ಬಂದಿದ್ದು, ಸ್ಥಳೀಯರು ಇದನ್ನು ‘ಘನಾ’, ಅಂದರೆ ದಟ್ಟ ಕಾಡು, ಎಂದೇ ಕರೆಯುತ್ತಾರೆ. ಇದು ಕೆರೆಯಂತೆ ಮನುಷ್ಯರ ಕೈಯಿಂದ ಆದದ್ದು. ಗಂಭೀರ್ ಮತ್ತು ಬಾಣಗಂಗಾ ನದಿಗಳ ನೆರೆನೀರು ನಿಲ್ಲುತ್ತಿದ್ದ ತಗ್ಗಿಗೆ, 18ನೆಯ ಶತಮಾನದಲ್ಲಿ ಮಹಾರಾಜ ಸೂರಜ್ ಮಲ್ ಕಟ್ಟಿಸಿದ ಅಜಾನ್ ಏರಿಯೇ ನೀರಿನಾಸರೆಯಾಯಿತು. ಮಳೆಗಾಲದಲ್ಲಿ ಏರಿಯ ತೂಬು ತೆರೆದಾಗ ನೀರಿನೊಡನೆ ಮೀನುಮರಿಗಳೂ ಹರಿದುಬರುತ್ತವೆ. ಆ ಮೀನನ್ನೇ ನೆಚ್ಚಿ ಬಣ್ಣದ ಕೊಕ್ಕರೆಗಳು ನೀರಿನ ನಡುವಣ ದಿಬ್ಬಗಳ ಜಾಲಿಮರಗಳಲ್ಲಿ ಗೂಡು ಕಟ್ಟಿ ಮರಿ ಸಾಕುತ್ತವೆ. ಚಳಿ ಹಿಡಿಯುತ್ತಿದ್ದಂತೆ ಮಧ್ಯ ಏಷ್ಯಾ ಮತ್ತು ಸೈಬೀರಿಯಾದ ಬಾತು, ಹೆಬ್ಬಾತುಗಳು ಬಂದಿಳಿಯುತ್ತವೆ.

ಹಕ್ಕಿಗಳನ್ನು ಕೊಲ್ಲುವ ಆಸೆಯೇ ಈ ನೆಲೆಯನ್ನು ಬೆಳೆಸಿತೆಂಬುದು ವಿಪರ್ಯಾಸ. 19ನೆಯ ಶತಮಾನದ ಕೊನೆಗೆ ಅರಸುಮನೆತನ ಕಾಲುವೆ, ಒಡ್ಡುಗಳನ್ನು ಹೆಚ್ಚಿಸಿ ಇದನ್ನು ಬಾತುಬೇಟೆಯ ತಾಣವಾಗಿಸಿತು. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಬಂದಿದ್ದಾಗ ಒಂದೇ ದಿನ 4,273 ಹಕ್ಕಿಗಳು ಗುಂಡಿಗೆ ಬಲಿಯಾದವು. ದೇವಾಲಯದ ಬಳಿಯ ಕಲ್ಲುಫಲಕಗಳಲ್ಲಿ ಬೇಟೆಯ ದಿನ, ಬಂದೂಕುಗಳ ಸಂಖ್ಯೆ, ಸತ್ತ ಹಕ್ಕಿಗಳ ಲೆಕ್ಕ ಎಲ್ಲವನ್ನೂ ದಾನಶಾಸನದಷ್ಟೇ ಅಚ್ಚುಕಟ್ಟಾಗಿ ಕೆತ್ತಲಾಗಿದೆ. ಅರಸರ ಬೇಟೆಯ ಹಕ್ಕು 1972ರವರೆಗೂ ಉಳಿದಿತ್ತು.

ಜೌಗು ನೆಲಗಳ ಅಂತರರಾಷ್ಟ್ರೀಯ ಒಪ್ಪಂದವಾದ ರಾಮ್ಸಾರ್ ಪಟ್ಟಿಗೆ ಇದು 1981ರಲ್ಲಿ ಸೇರಿತು. 1982ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1985ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಯಿತು. ಉದ್ಯಾನವಾದೊಡನೆ ದನ ಮೇಯಿಸುವುದನ್ನು ನಿಷೇಧಿಸಲಾಗಿ, ಸುತ್ತಲ ಹಳ್ಳಿಗರಿಗೂ ಪೊಲೀಸರಿಗೂ ನಡೆದ ಘರ್ಷಣೆಯಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಆದರೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನದಿಂದ ಹೊರಬಿದ್ದ ಸಂಗತಿಯೇ ಬೇರೆ: ನೀರಿಗಿಳಿದು ಮೇಯುವ ಎಮ್ಮೆಗಳು ಇಲ್ಲವಾದ ಮೇಲೆ ಪ್ಯಾಸ್ಪಾಲಮ್ ಎಂಬ ಹುಲ್ಲು ನೀರಿನ ಮೇಲೆಲ್ಲ ಚಾಪೆಯಂತೆ ಹಬ್ಬಿ, ಹಕ್ಕಿಗಳಿಗೆ ಬೇಕಾದ ತೆರೆದ ನೀರನ್ನೇ ಮುಚ್ಚತೊಡಗಿತ್ತು. ಕಾಪಾಡಲೆಂದು ತಂದ ನಿಯಮವೇ ಇಲ್ಲಿ ಕೇಡು ಮಾಡಿತೆನ್ನಬೇಕು.

ಈ ತಾಣಕ್ಕೆ ಹೆಸರು ತಂದಿದ್ದ ಸೈಬೀರಿಯದ ಬಿಳಿ ಕ್ರೌಂಚಗಳು 2002ರ ಬಳಿಕ ಬಂದಿಲ್ಲ. ಅವು ಹಾದುಬರುತ್ತಿದ್ದ ಅಫಘಾನಿಸ್ತಾನ, ಪಾಕಿಸ್ತಾನಗಳ ದಾರಿಯಲ್ಲಿನ ಬೇಟೆಯೂ ಇದಕ್ಕೊಂದು ಕಾರಣ. ಉಳಿದ ಹಕ್ಕಿಗಳನ್ನು ನೋಡಬಯಸುವವರು ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಸೈಕಲ್ ರಿಕ್ಷಾದಲ್ಲೋ ಸುತ್ತುತ್ತಾರೆ, ತರಬೇತಿ ಪಡೆದ ರಿಕ್ಷಾದವರೇ ಹಕ್ಕಿಯ ಹೆಸರು ಹೇಳಿ ತೋರಿಸುತ್ತಾರೆ. ಗಂಭೀರ್ ನದಿಗೆ ಮೇಲ್ಭಾಗದಲ್ಲಿ ಪಾಂಚನಾ ಅಣೆಕಟ್ಟು ಬಂದ ಮೇಲೆ ಅಜಾನ್ ಏರಿಗೆ ಬರುವ ನೀರು ಕಡಿಮೆಯಾಗಿದ್ದು, ಈಗ ಗೋವರ್ಧನ ಕಾಲುವೆಯಿಂದಲೂ ಚಂಬಲ್ ನದಿಯ ಕೊಳವೆಯಿಂದಲೂ ನೀರು ತರಿಸಲಾಗುತ್ತಿದೆ.