ರಾಯಚೂರು: ಗೋಡೆಯ ಮೇಲೆ ಬರೆದ ಊರು

ದೇವದುರ್ಗ, ಮಾನ್ವಿ ಕಡೆಯಿಂದ ಬೆಳಗಿನ ಬಸ್ಸಿಗೆ ರಾಯಚೂರಿಗೆ ಬರುವವರು ಇಳಿದ ಕೂಡಲೇ ಕೋರ್ಟು, ಕಚೇರಿ, ಗಂಜ್, ದವಾಖಾನೆ ಎಂದು ಚದುರಿಹೋಗುತ್ತಾರೆ. ಒಗ್ಗರಣೆ–ಮಿರ್ಚಿ ತಿಂದು, ಚಹಾ ಕುಡಿದು ಹೊರಟರೆ ಮತ್ತೆ ನಿಲ್ದಾಣದತ್ತ ಬರುವುದು ಸಂಜೆಗೇ. ಬಸ್ ನಿಲ್ದಾಣದ ಮಗ್ಗುಲಲ್ಲೇ ಕಲ್ಲುಬೆಟ್ಟ, ಅದರ ಮೇಲೆ ಬುರುಜು, ಕೆಳಗೆ ಕೋಟೆಗೋಡೆ. ದಿನವೂ ಎದುರಿಗಿರುವುದರಿಂದಲೋ ಏನೋ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಾನ್ವಿಯಿಂದ ಬಂದವರಂತೂ ಒಂದು ಗಳಿಗೆ ನಿಂತು ನೋಡಬೇಕಾದ ಗೋಡೆ ಇದು. ಏಕೆಂದರೆ ಅವರ ಊರಿನ ಹೆಸರೂ ಈ ಕೋಟೆಯ ಕಲ್ಲಿನಲ್ಲಿದೆ.

ರಾಯಚೂರನ್ನು ತಿಳಿಯಬೇಕಾದರೆ ನಡೆಯಬೇಕು. ವಾಹನದಲ್ಲಿ ಕುಳಿತವರಿಗೆ ಇದು ಧೂಳು ಮತ್ತು ಬಿಸಿಲಿನ ಊರು, ಅಷ್ಟೆ. ಕಾಲ್ನಡಿಗೆಯಲ್ಲಿ ಹೊರಟವರಿಗೆ ಸಂದಿಯೊಂದು ತಿರುಗುವಷ್ಟರಲ್ಲಿ ಕಾಲವೇ ಬದಲಾಗುತ್ತದೆ. ಬೇಸಿಗೆಯಾದರೆ ಬಿಸಿಲೇರುವ ಮುನ್ನವೇ ತಿರುಗಾಟ ಮುಗಿಸುವುದು ಜಾಣತನ.

ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ನಡುವಿನ ಈ ನೆಲವನ್ನು ಹಿಂದಿನವರು ಎಡೆದೊರೆ ನಾಡು ಎಂದರು. ದೇವದುರ್ಗ ತಾಲ್ಲೂಕು ಕೃಷ್ಣೆಯ ದಂಡೆಗೆ, ಮಾನ್ವಿ ತಾಲ್ಲೂಕು ತುಂಗಭದ್ರೆಯ ದಂಡೆಗೆ ಹೊಂದಿಕೊಂಡಿವೆ. ಎರೆ ಭೂಮಿ, ಜೋಳ, ಹತ್ತಿ, ಎರಡು ದೊಡ್ಡ ನದಿಗಳು. ಇಷ್ಟೆಲ್ಲ ಇರುವ ನೆಲವನ್ನು ಯಾವ ಅರಸನೂ ಸುಮ್ಮನೆ ಬಿಟ್ಟುಕೊಡಲಾರ. ದಕ್ಷಿಣದ ವಿಜಯನಗರವೂ ಉತ್ತರದ ಬಹಮನಿ ಸುಲ್ತಾನರೂ ತಲೆತಲಾಂತರ ಇದಕ್ಕಾಗಿ ಕಾದಾಡಿದರು. ರಾಯಚೂರು ಮತ್ತು ಮುದಗಲ್ ಕೋಟೆಗಳು ಯಾರ ಕೈಯಲ್ಲಿದ್ದವೋ ಎಡೆದೊರೆ ಅವರದಾಗುತ್ತಿತ್ತು.

ಕೋಟೆಗೆ ಎರಡು ಸುತ್ತಿನ ಗೋಡೆ. ಮೂರು ಕಡೆ ಕಂದಕ. ದಕ್ಷಿಣದಲ್ಲಿ ಮಾತ್ರ ಬೆಟ್ಟದ ಸಾಲೇ ಕಾವಲು. ಒಳಗಿನ ಗೋಡೆ ಹೆಚ್ಚು ಹಳೆಯದು. ಗಾರೆಯಿಲ್ಲದೆ, ನಯವಾಗಿ ಕೆತ್ತಿದ ಭಾರಿ ಕಲ್ಲುಗಳನ್ನೇ ಒಂದರ ಮೇಲೊಂದು ಜೋಡಿಸಿದ್ದಾರೆ. ಈ ಒಳಗೋಡೆಯ ಪಶ್ಚಿಮ ಭಾಗದಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ತೆಲುಗು ಶಾಸನ; ಕಾಲ ಕ್ರಿ.ಶ. 1294. ಕಾಕತೀಯರ ದಂಡನಾಯಕ ಗೋರೆ ಗನ್ನಯ ರೆಡ್ಡಿಯ ಅಪ್ಪಣೆಯಂತೆ ವಿಠ್ಠಲನಾಥನೆಂಬುವನು ಆದವಾನಿ, ತುಂಬಳ, ಮಾನುವ, ಹಾಲುವ ಕೋಟೆಗಳನ್ನು ಗೆದ್ದು, ಬಳಿಕ ರಾಯಚೂರಿನಲ್ಲಿ ಈ ಕೋಟೆ ಕಟ್ಟಿಸಿದನೆಂದು ಅದು ಹೇಳುತ್ತದೆ. ಮಾನುವ ಎಂದರೆ ಇಂದಿನ ಮಾನ್ವಿ.

ಇಷ್ಟು ದೊಡ್ಡ ಕಲ್ಲನ್ನು ಇಲ್ಲಿಗೆ ಹೇಗೆ ತಂದರು? ಉತ್ತರವೂ ಗೋಡೆಯ ಮೇಲೆಯೇ ಇದೆ. ಗಟ್ಟಿ ಗಾಲಿಗಳ ಬಂಡಿ, ಅದಕ್ಕೆ ಹೂಡಿದ ಕೋಣಗಳ ಉದ್ದನೆಯ ಸಾಲು, ಅವುಗಳನ್ನು ಹುರಿದುಂಬಿಸುವವರು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಹಾಕಿ ಮೀಟುವವರು. ಎಲ್ಲವನ್ನೂ ಸರಳ ಗೆರೆಗಳಲ್ಲಿ ಕೊರೆದಿದ್ದಾರೆ. ಶಾಸನಗಳಲ್ಲಿ ಅರಸರ ಹೆಸರು, ದಂಡನಾಯಕರ ಹೆಸರು ಇರುವುದು ಸಾಮಾನ್ಯ. ಕಲ್ಲು ಹೊತ್ತವರ ದುಡಿಮೆಯನ್ನು ಚಿತ್ರವಾಗಿ ಉಳಿಸಿದ ಗೋಡೆಗಳು ಅಪರೂಪ.

ಹೊರಗಿನ ಸುತ್ತು ನಂತರದ್ದು. ಬಹಮನಿ ಹಾಗೂ ಆದಿಲ್‌ಶಾಹಿ ಕಾಲದಲ್ಲಿ ಅದು ಬೆಳೆಯಿತು. ಪಶ್ಚಿಮಕ್ಕೆ ಮೆಕ್ಕಾ ದರ್ವಾಜೆ, ಉತ್ತರಕ್ಕೆ ನವರಂಗಿ ದರ್ವಾಜೆ, ಪೂರ್ವಕ್ಕೆ ಕಾಟಿ ದರ್ವಾಜೆ. ಒಳಸುತ್ತಿನಲ್ಲಿ ಪಶ್ಚಿಮಕ್ಕೆ ಸೈಲಾನಿ, ಪೂರ್ವಕ್ಕೆ ಸಿಕಂದರಿ. ಇವುಗಳಲ್ಲಿ ನವರಂಗಿ ದರ್ವಾಜೆಯನ್ನು ಅವಸರದಲ್ಲಿ ದಾಟಬಾರದು. ಅದರ ಗೋಡೆಗಳ ಮೇಲೆ ದೇವತೆಗಳ, ಮನುಷ್ಯರ, ಪ್ರಾಣಿಗಳ ಉಬ್ಬುಶಿಲ್ಪಗಳಿವೆ. ಈ ದ್ವಾರದ ಮರುನಿರ್ಮಾಣವನ್ನು ಇತಿಹಾಸಕಾರರಾದ ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಕೃಷ್ಣದೇವರಾಯನ ವಿಜಯದೊಂದಿಗೆ ಜೋಡಿಸುತ್ತಾರೆ.

ಆ ವಿಜಯದ ಕತೆಯನ್ನು ವಿವರವಾಗಿ ಬರೆದಿಟ್ಟವನು ಪೋರ್ಚುಗಲ್‌ನ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್. ಅವನ ಪ್ರಕಾರ ಜಗಳ ಶುರುವಾದದ್ದೂ ಕುದುರೆಯಿಂದಲೇ. ಗೋವೆಯಿಂದ ಕುದುರೆ ತರಲು ರಾಯನಿಂದ ಹಣ ಪಡೆದ ವ್ಯಾಪಾರಿಯೊಬ್ಬ ಬಿಜಾಪುರದ ಸುಲ್ತಾನನ ಆಶ್ರಯಕ್ಕೆ ಓಡಿಹೋದ. ಕೇಳಿದರೂ ಸುಲ್ತಾನ ಅವನನ್ನು ಒಪ್ಪಿಸಲಿಲ್ಲ. ರಾಯನಿಗೆ ದಂಡೆತ್ತಲು ಅಷ್ಟು ನೆಪ ಸಾಕಾಯಿತು.

ವಿಜಯನಗರದ ಸೈನ್ಯ ರಾಯಚೂರಿಗೆ ಮುತ್ತಿಗೆ ಹಾಕಿತು. ಗೋಡೆಯ ಬುಡಕ್ಕೆ ಹೋಗಿ ಗುದ್ದಲಿ, ಹಾರೆಗಳಿಂದ ಕಲ್ಲು ಕಿತ್ತು ತಂದವರಿಗೆ ಕಲ್ಲಿನ ಗಾತ್ರ ನೋಡಿ ಹಣ ಕೊಡುತ್ತಿದ್ದರೆಂದು ನೂನಿಜ್ ಬರೆಯುತ್ತಾನೆ. ಮೇಲಿನಿಂದ ಗುಂಡು, ಬಾಣ, ಕಲ್ಲುಗಳ ಮಳೆ. ತಿಂಗಳುಗಟ್ಟಲೆ ಹೀಗೆ ನಡೆದರೂ ಕೋಟೆ ಬೀಳಲಿಲ್ಲ. ಅಷ್ಟರಲ್ಲಿ ಇಸ್ಮಾಯಿಲ್ ಆದಿಲ್ ಶಾ ಕೃಷ್ಣಾ ನದಿ ದಾಟಿ ಬಂದ. 1520ರ ಮೇ 19ರಂದು ಯುದ್ಧ. ಸುಲ್ತಾನನ ಫಿರಂಗಿಗಳು ಒಮ್ಮೆಲೇ ಗುಡುಗಿ ರಾಯನ ಮುಂಚೂಣಿಯನ್ನು ಚದುರಿಸಿದವು. ಆದರೆ ಮತ್ತೆ ಮದ್ದು ತುಂಬುವಷ್ಟು ಸಮಯವನ್ನು ರಾಯ ಕೊಡಲಿಲ್ಲ. ಎರಡನೆಯ ಸಾಲಿನೊಂದಿಗೆ ಮುನ್ನುಗ್ಗಿದಾಗ ಬಿಜಾಪುರದ ಸೈನ್ಯ ನದಿಯ ಕಡೆಗೆ ಓಡಿತು. ಶಾಲಾ ಪುಸ್ತಕಗಳಲ್ಲಿ ಫಿರಂಗಿಯ ಮಾತು ಬಂದಾಗ 1526ರ ಪಾಣಿಪತ್ ನೆನಪಾಗುತ್ತದೆ. ರಾಯಚೂರಿನ ಕದನ ಅದಕ್ಕಿಂತ 6 ವರ್ಷ ಮೊದಲಿನದು.

ಬಯಲಿನಲ್ಲಿ ಗೆದ್ದ ಮೇಲೂ ಕೋಟೆ ಮಣಿಯಲಿಲ್ಲ. ಆಗ ಕ್ರಿಸ್ತೊವಾವೊ ದ ಫಿಗೆರೆಡೊ ಎಂಬ ಪೋರ್ಚುಗೀಸನು 20 ಮಂದಿ ಸಂಗಡಿಗರೊಂದಿಗೆ ಬಂದು, ಗೋಡೆಯ ಮೇಲೆ ತಲೆ ತೋರಿದವರಿಗೆ ಕೋವಿಯಿಂದ ಗುರಿಯಿಟ್ಟ. ಕಾವಲಿನವರು ಹಿಂಜರಿದರು, ಕಲ್ಲು ಕೀಳುವವರ ಕೆಲಸ ಸಲೀಸಾಯಿತು. ಏನಾಗುತ್ತಿದೆ ಎಂದು ಇಣುಕಿದ ದುರ್ಗಾಧಿಪತಿಯೇ ಗುಂಡಿಗೆ ಬಲಿಯಾದ ಬಳಿಕ ಊರು ಶರಣಾಯಿತು. 1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ. ಆಮೇಲೆ ಕೋಟೆ ಮತ್ತೆ ಬಿಜಾಪುರದ ಕೈಸೇರಿತು.

ಹಳೆಯ ಊರಿನಲ್ಲಿ ನಡೆಯುವವರನ್ನು ತಡೆದು ನಿಲ್ಲಿಸುವ ಇನ್ನೊಂದು ಕಟ್ಟಡ ಏಕ್ ಮಿನಾರ್ ಮಸೀದಿ. 1513ರ ಹೊತ್ತಿನ ಈ ಮಸೀದಿಗೆ ಹೆಸರೇ ಹೇಳುವಂತೆ ಒಂದೇ ಮಿನಾರು. ಸುಮಾರು 65 ಅಡಿ ಎತ್ತರದ ದುಂಡನೆಯ ಈ ಗೋಪುರ ಬೀದರಿನ ಮಹಮೂದ್ ಗವಾನ್ ಮದರಸಾದ ಮಿನಾರನ್ನು ನೆನಪಿಸುತ್ತದೆ. ಅಲ್ಲಿಂದ ತೀನ್ ಕಂದೀಲ್ ಕಡೆ ನಡೆದರೆ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಅಂಗಡಿಯ ಮುಂದೆ ಕೇಳಿಸುತ್ತವೆ. ಕೋಟೆಯಲ್ಲಿ ತೆಲುಗು ಶಾಸನವಿದೆ, ಪಾರ್ಸಿ ಶಾಸನಗಳೂ ಇವೆ. ಗೋಡೆಯ ಮೇಲಿನ ಭಾಷೆಗಳ ನಂಟು ಬೀದಿಯಲ್ಲೂ ಮುಂದುವರಿದಿದೆ.

ಮುಂದೆ ಇಲ್ಲಿ ಮೊಗಲರು ಆಳಿದರು, ನಿಜಾಮರು ಆಳಿದರು. 1853ರಲ್ಲಿ ಬ್ರಿಟಿಷರ ವಶವಾಗಿ 1860ರಲ್ಲಿ ಮತ್ತೆ ನಿಜಾಮರಿಗೆ ಮರಳಿತು. 1871ರಲ್ಲಿ ಮುಂಬಯಿ ಕಡೆಯ ರೈಲುಹಳಿಯೂ ಮದರಾಸು ಕಡೆಯದೂ ರಾಯಚೂರಿನಲ್ಲೇ ಕೂಡಿಕೊಂಡವು. ಕೋಟೆಯ ಊರು ಮಾರುಕಟ್ಟೆಯ ಊರಾಯಿತು. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.

ಇಷ್ಟು ಮಂದಿ ಅರಸರಲ್ಲಿ ಹೊಸದಾಗಿ ಬಂದವರು ಹಿಂದಿನವರ ಗೋಡೆಯನ್ನು ಕೆಡವಿ ಹಾಕಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಕಾಕತೀಯರ ಗೋಡೆಗೆ ಸುಲ್ತಾನರು ಹೊರಸುತ್ತು ಕೊಟ್ಟರು. ಗೆದ್ದ ಕೋಟೆ ಬೇಕಾಗಿತ್ತು, ಅದಕ್ಕೇ ರಿಪೇರಿ ಮಾಡಿದರು. ಇಂದು ಅಂಥ ಅಗತ್ಯ ಯಾರಿಗೂ ಇಲ್ಲ. ಗೋಡೆಗೆ ಒರಗಿ ಮನೆಗಳೆದ್ದಿವೆ, ಕಂದಕದಲ್ಲಿ ಕಸ ತುಂಬಿದೆ, ಕಲ್ಲಿನ ಸಂದಿಗಳಲ್ಲಿ ಗಿಡ ಬೇರುಬಿಟ್ಟಿದೆ. ಹಾಗೆಂದು ಕೋಟೆಯೊಳಗೆ ಬಾಳುವವರನ್ನೆಲ್ಲ ಕೋಟೆಗೆ ಶತ್ರುಗಳೆಂದು ಬಗೆಯುವುದೂ ಸರಿಯಲ್ಲ. ಜನ ವಾಸವಿರುವುದರಿಂದಲೇ ರಾಯಚೂರು ಕೋಟೆ ಹಾಳುಬೀಳದೆ ಊರಾಗಿ ಉಳಿದಿದೆ. ಗೋಡೆ ತಮ್ಮದೆಂದು ಅವರಿಗೂ, ಹೊರಗಿನಿಂದ ಬರುವವರಿಗೂ ಅನ್ನಿಸಬೇಕು. ಅದಕ್ಕೆ ಮೊದಲು ಗೋಡೆಯ ಮೇಲೆ ಏನು ಬರೆದಿದೆ ಎಂಬುದಾದರೂ ತಿಳಿಯಬೇಕು.

ಸಂಜೆಯ ಮಾನ್ವಿ ಬಸ್ಸು ಹೊರಡಲು ಇನ್ನೂ ಹೊತ್ತಿರುತ್ತದೆ. ಕೋರ್ಟಿನ ಕೆಲಸ ಮುಗಿಸಿದವರು, ದವಾಖಾನೆಯಿಂದ ಬಂದವರು ಚೀಲ ತೊಡೆಯ ಮೇಲಿಟ್ಟು ಕಾಯುತ್ತಾರೆ. ಏಳು ಶತಮಾನಗಳ ಹಿಂದೆ ತಮ್ಮ ಊರಿನ ಹೆಸರನ್ನು ಹೊತ್ತ ಕಲ್ಲನ್ನು ಕೋಣಗಳ ಸಾಲು ಈ ಊರಿಗೆ ಎಳೆದು ತಂದಿತ್ತೆಂದು ಯಾರಾದರೂ ಹೇಳಿದರೆ, ಅವರಲ್ಲಿ ಒಬ್ಬಿಬ್ಬರಾದರೂ ಎದ್ದು ನೋಡಿಬಂದಾರು.